ನನ್ನ ಲಾರಿಯ ನೀರು ರಸ್ತೆಗಲ್ಲ

ಲಾರಿ ನನ್ನ ಹೆಸರಿಗೆ ಆದ ಮೇಲೆ ಮೊದಲ ಸಲ ಕಾರವಾರದ ಮೀನು ಬಂದರಿಗೆ ಹೋದ ದಿನ ಗೇಟಿನವನು ಕೇಳಿದ್ದು ಒಂದೇ ಪ್ರಶ್ನೆ: ಮಾಲಕರು ಯಾರು? ನಾನೇ ಎಂದೆ. ಅವನು ನನ್ನ ಲುಂಗಿ ನೋಡಿದ, ಹೆಗಲ ಮೇಲಿನ ಟವೆಲ್ ನೋಡಿದ, ಮಾಲಕರ ಫೋನ್ ನಂಬರ್ ಕೊಡು ಎಂದ. ನನ್ನದೇ ನಂಬರ್ ಕೊಟ್ಟೆ. ಅವನು ನನ್ನೆದುರೇ ಫೋನ್ ಹಚ್ಚಿದ, ನನ್ನ ಕಿಸೆಯೊಳಗೆ ರಿಂಗಾಯಿತು, ನಾನು ಎತ್ತಿ, "ಹಲೋ, ನಮ್ಮ ಡ್ರೈವರಿಗೆ ಒಳಗೆ ಬಿಡಿ" ಎಂದೆ. ಅವನು ನಗಲಿಲ್ಲ, ಆದರೆ ಗೇಟು ತೆಗೆದ.

ನಮ್ಮ ಕಡೆ ಲಾರಿ ಎಂದರೆ ಮನೆಯಲ್ಲಿ ಕೂತು ಫೋನ್ ಮಾಡುವ ಮಾಲಕ ಒಬ್ಬ, ಆ ಫೋನಿಗೆ ಹೂಂಗುಟ್ಟುವ ಡ್ರೈವರ್ ಒಬ್ಬ. ಇಬ್ಬರೂ ಒಬ್ಬನೇ ಆಗಬಹುದು ಎಂಬುದು ಯಾರ ತಲೆಗೂ ಹೋಗುವುದಿಲ್ಲ. ನಾನೂ ಎಷ್ಟೋ ವರ್ಷ ಹೂಂಗುಟ್ಟಿದವನೇ. ಬೇರೆಯವರ ಮೀನಿನ ಲಾರಿ ಓಡಿಸುತ್ತ ಗೋವೆ, ಹುಬ್ಬಳ್ಳಿ, ಮಂಗಳೂರು ಎಲ್ಲ ತಿರುಗಿದೆ. ಎಷ್ಟು ತುಂಬಬೇಕು, ಎಲ್ಲಿ ನಿಲ್ಲಬಾರದು, ಎಲ್ಲಿ ಜೋರಾಗಿ ಹೋಗಬೇಕು, ಎಲ್ಲ ಅವರು ಹೇಳಿದಂತೆ. ಸಾಲದ, ಕಂತಿನ ಪುರಾಣ ಲಾರಿ ಇಟ್ಟವರೆಲ್ಲರದೂ ಒಂದೇ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ನಾನು ಹೇಳಹೊರಟಿರುವುದು ನೀರಿನ ಕಥೆ.

ಮೀನಿನ ಲಾರಿಯ ಹಿಂದೆ ಒಮ್ಮೆಯಾದರೂ ಬೈಕಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ಸುಲೇಟರ್ ಗಾಡಿ ಎಂದು ನಾವು ಕರೆಯುವ ಆ ದಪ್ಪ ಗೋಡೆಯ ಪೆಟ್ಟಿಗೆಯೊಳಗೆ ಒಂದು ಸಾಲು ಬರ್ಫು, ಒಂದು ಸಾಲು ಮೀನು, ಮತ್ತೆ ಬರ್ಫು ಹೀಗೆ ಕ್ರೇಟುಗಳನ್ನು ಪೇರಿಸುತ್ತೇವೆ. ಬರ್ಫು ಕರಗುತ್ತಲೇ ಇರುತ್ತದೆ. ಆ ನೀರಿನಲ್ಲಿ ಮೀನಿನ ರಕ್ತ, ಲೋಳೆ, ಹುರುಪೆ ಎಲ್ಲ ಸೇರಿರುತ್ತದೆ. ಅದನ್ನು ಟಾಕಿಯಲ್ಲಿ ಹಿಡಿದಿಟ್ಟುಕೊಂಡು ಹೋಗಬೇಕೆಂದು ಕಾಯಿದೆ ಇದೆ. ಟಾಕಿ ಎಲ್ಲರ ಲಾರಿಗೂ ಇದೆ, ಅದರ ಅಡಿಯಲ್ಲಿ ನೀರು ಬಿಡುವ ಕಾಕ್ ಕೂಡ ಇದೆ, ಗಾಡಿ ಓಡುತ್ತಿದ್ದಂತೆ ಆ ಕಾಕ್ ತೆರೆದೇ ಇರುತ್ತದೆ. ನೀರು ಹೊತ್ತುಕೊಂಡು ಹೋದರೆ ಭಾರ, ಡೀಸೆಲ್ ದಂಡ, ಹೋದಲ್ಲಿ ಚೆಲ್ಲಲು ಜಾಗ ಹುಡುಕುವ ತಲೆನೋವು. ರಸ್ತೆ ಮಾತ್ರ ಎಲ್ಲರದು, ಹೇಳುವವರು ಕೇಳುವವರು ಯಾರೂ ಇಲ್ಲ.

ನನ್ನ ಹೆಂಡತಿ ಕಾರವಾರದ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮನೆ ಅಂಕೋಲೆ ಕಡೆಯ ಹಾರವಾಡದ ಸಮುದ್ರದಂಡೆಯಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಬಿಣಗಾದ ಇಳಿಜಾರಿನಲ್ಲಿ ಮುಂದಿನ ಮೀನಿನ ಲಾರಿ ಬಿಟ್ಟ ನೀರಿನ ಮೇಲೆ ಸ್ಕೂಟರ್ ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಹಿಂದಿದ್ದ ಬಸ್ಸಿನವನು ಬ್ರೇಕ್ ಹಾಕಿದ್ದಕ್ಕೆ ಮಣಿಕಟ್ಟಿಗೇ ಮುಗಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ಹೆದ್ದಾರಿಯಲ್ಲಿ ಸ್ಕೂಟರ್ ಹತ್ತಲಿಲ್ಲ, ಬಸ್ಸಿಗೆ ಹೋಗತೊಡಗಿದಳು. ಸ್ಕೂಟರ್ ಮನೆಯ ಪಕ್ಕ ಹಳೆಯ ಬಲೆ ಹೊದ್ದುಕೊಂಡು ನಿಂತಿತು.

ಸ್ವಂತ ಲಾರಿ ಮಾಡುತ್ತೇನೆ ಎಂದಾಗ ಅವಳು ಬೇಡ ಎನ್ನಲಿಲ್ಲ, ಒಳ್ಳೆಯದಾಗಲಿ ಎಂದೂ ಹೇಳಲಿಲ್ಲ. ಮೀನು ಹೆಚ್ಚುತ್ತಿದ್ದ ಕತ್ತಿ ಕೆಳಗಿಟ್ಟು ಹೇಳಿದ್ದು ಇಷ್ಟು: "ನಿಮ್ಮ ಲಾರಿ ನೀರು ಒಂದು ಹನಿ ರಸ್ತೆಗೆ ಬಿದ್ರೂ ನಂಗೆ ಗೊತ್ತಾತದೆ. ಆಮೇಲೆ ಎಂತದೂ ಹೇಳ್ಲಿಕ್ಕೆ ಬರ್ಬೇಡಿ." ನಾನು ಬೀಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವುದು ಸುಲಭ, ನಾಲಗೆಗೆ ಡೀಸೆಲ್ ಹಾಕಬೇಕಾಗಿಲ್ಲ.

ಲಾರಿ ಸಿಕ್ಕಿದ್ದು ಬೊಬ್ರುವಾಡದಲ್ಲಿ, ಹಿಂದೆ ನಾನು ಕೆಲಸ ಮಾಡಿದ ಮಾಲಕರ ಹಿತ್ತಲಲ್ಲಿ, ಗೇರು ಮರದ ಕೆಳಗೆ. ಆರು ಗಾಲಿಯ ಆ ಗಾಡಿಯನ್ನು ನಾನೇ ಎಷ್ಟೋ ವರ್ಷ ಓಡಿಸಿದ್ದೆ. ಅವರು ಗುಜರಿಗೆ ಹಾಕಲು ಹೊರಟಿದ್ದರು. ಅದರ ಎಂಜಿನ್ ಗಟ್ಟಿಯಿದೆ ಎಂದು ನನಗೆ ಗೊತ್ತಿತ್ತು, ಮೂರನೇ ಗೇರಿಗೆ ಬೀಳುವಾಗ ಒಮ್ಮೆ ಕೊಸರುತ್ತದೆ ಎಂಬುದೂ ಗೊತ್ತಿತ್ತು. ಅಂಕೋಲೆಯ ಗ್ಯಾರೇಜಿನಲ್ಲಿ ಬ್ರೇಕ್ ಲೈನರ್, ಹಿಂದಿನ ಸ್ಪ್ರಿಂಗಿನ ಪಾಟಾ, ಕ್ಲಚ್ಚು ಹೊಸದಾದವು. ಪೆಟ್ಟಿಗೆಯ ನೆಲ ಮಾತ್ರ ಪೂರ್ತಿ ಕೊಳೆತಿತ್ತು. ಮಳೆಗಾಲದ ಮೀನುಗಾರಿಕೆ ಬಂದ್ ಇದ್ದುದರಿಂದ ಲಾರಿಯನ್ನು ಮನೆಗೆ ತಂದು ತಾಡಪಾಲಿನ ಕೆಳಗೆ ನಿಲ್ಲಿಸಿದೆ. ನೆಲದ ಕೆಲಸ ಅಪ್ಪನದು.

ಅಪ್ಪ ರಂಪಣಿ ಬಲೆಯ ತಾಂಡೇಲನಾಗಿದ್ದವನು, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆಯ ತಂಡಕ್ಕೆ ಯಜಮಾನ. ದೋಣಿ ದುರಸ್ತಿಯಲ್ಲಿ ಊರಿಗೇ ಹೆಸರಾದವನು. ನೀರು ಒಳಗೆ ಬರದಂತೆ ಇಡೀ ಆಯುಷ್ಯ ಕಾವಲು ಕಾದವನಿಗೆ ಈಗ ನೀರು ಹೊರಗೆ ಹೋಗದಂತೆ ಮಾಡು ಎಂದೆ. ಅವನು ಖುಷಿಯಾಗಿಯೇ ಕೈ ಹಾಕಿದ. ಹಲಗೆ ಕೂಡಿಸಿ, ಸಂದಿಗೆ ಹತ್ತಿಯ ಎಳೆ ತುಂಬಿ, ಮೇಲೆ ಫೈಬರಿನ ಪದರ ಹಚ್ಚಿ, ಮೂಲೆಗಳನ್ನು ಬೆರಳಿನಿಂದ ಸವರಿ ಸವರಿ ದುಂಡಗೆ ಮಾಡಿದ. ನೆಲವನ್ನು ನಾಲ್ಕೂ ಕಡೆಯಿಂದ ನಡುವಿಗೆ ಇಳಿಜಾರಾಗಿಸಿದ, ದೋಣಿಯ ಹೊಟ್ಟೆಯ ಹಾಗೆ. ಸರಿಯಾಗಿ ನಡುವಿನಲ್ಲಿ ಒಂದು ತೂತು, ಅದಕ್ಕೆ ಪೈಪು, ಪೈಪಿನ ಕೆಳಗೆ ದೊಡ್ಡ ಟಾಕಿ. ಟಾಕಿಯ ಅಡಿಯ ಕಾಕಿಗೆ ನಾನು ಬೀಗ ಹಾಕಿಸಿದೆ, ಬೀಗದ ಕೈ ಹೆಂಡತಿಗೆ ಕೊಟ್ಟೆ. ಅವಳು ಅದರ ನಕಲು ಮಾಡಿಸಿ ನನಗೊಂದು ವಾಪಸು ಕೊಟ್ಟಳು, ಹೋದಲ್ಲಿ ಖಾಲಿ ಮಾಡುವುದು ಹೇಗೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮಳೆ ಮುಗಿದು ಬೋಟುಗಳು ಕಡಲಿಗಿಳಿದವು. ಮೊದಲ ಕೆಲವು ಟ್ರಿಪ್ಪು ಗೋವೆಗೆ. ದಂಡೆಯ ರಸ್ತೆ, ಹೆಚ್ಚು ಏರಿಳಿತವಿಲ್ಲ. ಒಂದು ಹನಿ ಬೀಳಲಿಲ್ಲ. ಮಾಜಾಳಿ ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಗ್ಗಿ ನೋಡಿ, ಇದೇನು ಒಣಮೀನು ಲೋಡಾ ಎಂದು ಕೇಳಿದರು. ಆ ದಿನ ನನ್ನ ತಲೆ ಸ್ವಲ್ಪ ತಿರುಗಿತು ಎಂದೇ ಹೇಳಬೇಕು. ಬಂದರಿನಲ್ಲಿ ಚಹಾ ಕುಡಿಯುತ್ತ ಎಲ್ಲರೆದುರು, ನನ್ನ ಲಾರಿಯ ಹಿಂದೆ ಯಾರು ಬೇಕಾದರೂ ಕಣ್ಣು ಮುಚ್ಚಿ ಬೈಕ್ ಓಡಿಸಬಹುದು ಎಂದೆ. ಅಲ್ಲಿ ಲೋಡು ಹಂಚುವ ಏಜೆಂಟರು ಕೇಳಿಸಿಕೊಂಡರು. ಬಂದರಿನಿಂದ ಹೊರಡುವ ಮೀನು ಯಾರ ಲಾರಿಗೆ ಹೋಗಬೇಕೆಂಬುದು ಅವರ ಬಾಯಲ್ಲಿತ್ತು. ಮರುದಿನ ಅವರು ನನಗೆ ಹುಬ್ಬಳ್ಳಿಯ ಲೋಡು ಕೊಟ್ಟರು. ಅದೂ ಹಗಲಿನದು. ಬಿಸಿಲಿಗೆ ಬರ್ಫು ಕರಗುತ್ತದೆಂದು ಹಳಬರು ಹಗಲಿನ ಲೋಡು ಮುಟ್ಟುವುದಿಲ್ಲ, ಅದು ಹೊಸಬರ ಪಾಲು. ಸಂಜೆಯ ವ್ಯಾಪಾರಕ್ಕೆ ತಲುಪಬೇಕು, ತಡವಾದರೆ ಮುಂದೆ ನೋಡೋಣ ಎಂದು ಅವರು ಹೇಳಿದರು. ನೋಡೋಣ ಎಂದರೆ ಮುಂದೆ ಲೋಡು ಇಲ್ಲ ಎಂದು ಅರ್ಥ.

ಬಂಗಡೆ ತುಂಬಿಕೊಂಡು ಹೊರಟೆ. ಅಂಕೋಲೆಯಲ್ಲಿ ಬಾಳೆಗುಳಿ ಕ್ರಾಸಿಗೆ ಹೆದ್ದಾರಿ ಬಿಟ್ಟು ಹುಬ್ಬಳ್ಳಿ ರಸ್ತೆ ಹಿಡಿದ ಮೇಲೆ ದಾರಿ ಸಣ್ಣಗೆ ಏರುತ್ತಲೇ ಹೋಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಕಡೆ ರಸ್ತೆ ಕೆಲಸ ನಡೆದು ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು. ಅರಬೈಲ್ ಘಟ್ಟ ಶುರುವಾದಾಗ ಎರಡನೇ ಗೇರಿಗೆ ಇಳಿಸಿದೆ. ಎಂಜಿನ್ನಿನ ಕಾವು ಸರಿಯಿತ್ತು. ಒಂದು ತಿರುವಿನಲ್ಲಿ ಸ್ಟೇರಿಂಗ್ ಎಂದಿಗಿಂತ ಹಗುರವಾಗಿ ತಿರುಗಿತು. ಹಗುರ ಸ್ಟೇರಿಂಗ್ ಅಂದರೆ ಮುಂದಿನ ಗಾಲಿಯ ಮೇಲೆ ಭಾರ ಕಡಿಮೆಯಾಗಿದೆ, ಹಿಂದೆ ಹೆಚ್ಚಿದೆ ಎಂದು ಲೆಕ್ಕ. ತುಂಬುವಾಗ ನಾನೇ ನಿಂತು ಕ್ರೇಟು ಹೊಂದಿಸಿದ್ದೆ, ಹಾಗಾಗುವ ಕಾರಣವಿರಲಿಲ್ಲ. ಹಿಂದಿನಿಂದ ಒಂದು ಟ್ಯಾಂಕರ್ ಹಾರ್ನ್ ಬಾರಿಸುತ್ತಲೇ ಇತ್ತು. ಅದು ಪಕ್ಕಕ್ಕೆ ಬಂದು, ಅದರ ಡ್ರೈವರ್ ಕೈ ಹೊರಗೆ ಹಾಕಿ ನನ್ನ ಲಾರಿಯ ಬೆನ್ನು ತೋರಿಸಿದ.

ಅಗಲವಿದ್ದ ತಿರುವಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಹಿಂದೆ ಹೋಗಿ ನೋಡಿದೆ. ಹಿಂಬಾಗಿಲಿನ ಅಡಿಯ ಸಂದಿಯಿಂದ ಕೆಂಪು ನೀರು ಸುರಿಯುತ್ತಿತ್ತು. ಘಟ್ಟದ ರಸ್ತೆಯ ಮೇಲೆ ನಾನು ಹತ್ತಿಬಂದಷ್ಟು ದೂರ ಒದ್ದೆ ಪಟ್ಟೆ ಎಳೆದಿತ್ತು. ಬಗ್ಗಿ ಟಾಕಿಗೆ ಬಡಿದರೆ ಮುಕ್ಕಾಲು ಖಾಲಿ ಸದ್ದು. ಆಗ ತಿಳಿಯಿತು ಅಪ್ಪ ಏನು ಮಾಡಿದ್ದಾನೆಂದು. ಅವನು ದೋಣಿ ಕಟ್ಟಿದ್ದ. ದೋಣಿಯಲ್ಲಿ ನೀರು ನಡುವಿನ ತಗ್ಗಿಗೇ ಬಂದು ನಿಲ್ಲುತ್ತದೆ, ಯಾಕೆಂದರೆ ಸಮುದ್ರ ಮಟ್ಟಸ. ಸಮುದ್ರಕ್ಕೆ ಘಟ್ಟ ಇಲ್ಲ. ಲಾರಿ ಮೂತಿ ಎತ್ತಿದ ಕೂಡಲೇ ನೀರೆಲ್ಲ ತೂತು ದಾಟಿ ಹಿಂಬಾಗಿಲಿಗೆ ಬಂದು ಕೂತಿತ್ತು. ಅಂಕೋಲೆ ಬಿಟ್ಟಾಗಿನಿಂದ ಸೇರಿದ್ದಷ್ಟೂ ಅಲ್ಲೇ ಇತ್ತು. ನನಗೂ ಇದು ಹೊಳೆಯಲಿಲ್ಲವಲ್ಲ, ನಾನೂ ಅದೇ ದೋಣಿಯ ಮಗ.

ಟ್ಯಾಂಕರಿನವನು ಸ್ವಲ್ಪ ಮೇಲೆ ನಿಲ್ಲಿಸಿ ನಡೆದುಬಂದ. ಒಳ್ಳೆಯವನು. ಬಾಗಿಲು ತೆಗೆದು ಎಲ್ಲ ಚೆಲ್ಲಿಬಿಡು, ಒಂದು ನಿಮಿಷದ ಕೆಲಸ, ಗಾಡಿಯೂ ಹಗುರಾಗುತ್ತದೆ, ಹೊತ್ತಿಗೆ ಸರಿಯಾಗಿ ತಲುಪುತ್ತೀ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹಾಗೆಯೇ ಏರುತ್ತ ಹೋದರೂ ಉಳಿದ ತಿರುವುಗಳಿಗೆಲ್ಲ ಸುರಿಯುತ್ತ ಹೋಗಬೇಕಿತ್ತು. ಕೆಳಗಿನಿಂದ ಒಂದು ಬೈಕು ಹತ್ತಿ ಬರುತ್ತಿತ್ತು, ಹಿಂದೆ ಕೂತವಳ ಮಡಿಲಲ್ಲಿ ಮಗು. ಅವರು ನನ್ನ ಒದ್ದೆ ಪಟ್ಟೆಯನ್ನು ತಪ್ಪಿಸಿಕೊಂಡು ಅಂಚಿನಲ್ಲಿ ನಿಧಾನ ಹತ್ತಿದರು. ಬೈಕಿನವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬೈದಿದ್ದರೆ ಒಳ್ಳೆಯದಿತ್ತು.

ಗಾಡಿ ತಿರುಗಿಸುತ್ತೇನೆ, ಕೆಳಗೆ ಹೋಗುತ್ತೇನೆ ಎಂದೆ. ಟ್ಯಾಂಕರಿನವನಿಗೆ ನನ್ನ ತಲೆ ಕೆಟ್ಟಿದೆ ಎನಿಸಿತು. ಆದರೆ ಲೆಕ್ಕ ಸರಳವಿತ್ತು. ಮೂತಿ ಕೆಳಗಾದ ಕೂಡಲೇ ನೀರು ಹಿಂಬಾಗಿಲು ಬಿಟ್ಟು ಮುಂದಿನ ಗೋಡೆಗೆ ಹೋಗುತ್ತದೆ, ಅಲ್ಲಿ ಬಾಗಿಲಿಲ್ಲ, ಅಪ್ಪನ ಫೈಬರಿದೆ. ಘಟ್ಟದ ಬುಡದ ಮಟ್ಟಸ ಜಾಗದಲ್ಲಿ ನಿಲ್ಲಿಸಿದರೆ ತಾನಾಗಿ ತೂತಿಗೆ ಬಂದು ಟಾಕಿಗೆ ಇಳಿಯುತ್ತದೆ. ಹೊತ್ತು ಹೋಗುತ್ತದೆ, ಅಷ್ಟೇ. ಅಷ್ಟೇ ಎಂದು ಬರೆಯುವುದು ಈಗ ಸುಲಭ. ಆ ಹೊತ್ತು ಹೋದರೆ ಬಂದರಿನಲ್ಲಿ ನನ್ನ ಬಾಗಿಲು ಮುಚ್ಚುತ್ತದೆಂದು ಗೊತ್ತಿತ್ತು. ಟ್ಯಾಂಕರಿನವನು ಬೈಯುತ್ತಲೇ ಟವೆಲ್ ಬೀಸಿ ಎರಡೂ ಕಡೆಯ ವಾಹನ ತಡೆದ. ಹಿಂದೆ ಮುಂದೆ ಮಾಡಿ, ತುಂಬಿದ ಲಾರಿಯನ್ನು ಆ ತಿರುವಿನಲ್ಲಿ ತಿರುಗಿಸಿದೆ. ಹುಬ್ಬಳ್ಳಿಗೆ ಬೆನ್ನು ಹಾಕಿ, ಅದೇ ಎರಡನೇ ಗೇರಿನಲ್ಲಿ ಇಳಿದೆ.

ಬುಡದಲ್ಲಿ ನಿಲ್ಲಿಸಿ ಟಾಕಿಗೆ ಕಿವಿ ಹಚ್ಚಿ ಕೂತೆ. ನೀರು ಇಳಿಯುವ ಸದ್ದು ಬಂತು, ತೂತಿಗೆ ಹುರುಪೆ ಕಟ್ಟಿದ್ದರಿಂದ ಬಹಳ ನಿಧಾನ. ಅಷ್ಟರಲ್ಲಿ ಹಿಂಬಾಗಿಲಿನ ಸಂದಿಗೆ ಗೋಣಿ ಸೀಳಿ, ಗ್ರೀಸ್ ಹಚ್ಚಿ, ಸ್ಕ್ರೂಡ್ರೈವರಿನಿಂದ ತುರುಕಿದೆ. ಅದು ಅಪ್ಪನಿಂದ ಕಲಿತ ಕೆಲಸ. ಪೂರ್ತಿ ಇಳಿದ ಮೇಲೆ ಮತ್ತೆ ಹತ್ತಿದೆ. ಈ ಸಲ ಸ್ಟೇರಿಂಗ್ ಕೈಗೆ ಭಾರವಾಗಿಯೇ ಇತ್ತು. ಮೇಲೆ ತಲುಪಿ ಇಳಿದು ನೋಡಿದರೆ ಬಾಗಿಲ ಅಂಚು ತೇವವಾಗಿತ್ತು, ತೊಟ್ಟಿಕ್ಕುತ್ತಿರಲಿಲ್ಲ.

ಹುಬ್ಬಳ್ಳಿಯ ವ್ಯಾಪಾರಿಯ ಅಂಗಡಿ ಮುಟ್ಟುವಷ್ಟರಲ್ಲಿ ಸಣ್ಣ ವ್ಯಾಪಾರಸ್ಥರೆಲ್ಲ ಬೇರೆ ಕಡೆ ಮೀನು ಎತ್ತಿಕೊಂಡು ಹೋಗಿದ್ದರು. ಹಿಂದಿನ ಸಾಲಿನ ಕೆಳಗಿನ ಕ್ರೇಟುಗಳು ನೀರಿನಲ್ಲಿ ನಿಂತು ಬಂಗಡೆಯ ಹೊಟ್ಟೆ ಮೆತ್ತಗಾಗಿತ್ತು. ವ್ಯಾಪಾರಿ ಬೆರಳಿನಿಂದ ಒತ್ತಿ ನೋಡಿ, "ಇವನ್ನ ಯಾರಿಗೆ ಮಾರ್ಲಿ? ನಿಮ್ಮ ಮಾಲಕರಿಗೆ ಫೋನ್ ಹಚ್ಚಿ ಕೊಡ್ರಿ" ಎಂದರು. ನಾನೇ ಮಾಲಕ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟು, ಆ ಕ್ರೇಟುಗಳ ದರ ಮುರಿದರು. ನ್ಯಾಯವೇ ಇತ್ತು, ವಾದಿಸಲಿಲ್ಲ. ಟಾಕಿಯ ಬೀಗ ತೆಗೆದು ಅವರ ಅಂಗಳದ ತೊಳೆಯುವ ಗುಂಡಿಗೆ ನೀರು ಬಿಟ್ಟೆ. ಅವರು ನಿಂತು ನೋಡುತ್ತಿದ್ದರು. ಇಷ್ಟೂ ಹೊತ್ತುಕೊಂಡು ಬಂದಿರೇನು ಎಂದು ಕೇಳಿದರು. ಹೌದು ಎಂದೆ.

ಮರುದಿನ ಬಂದರಿನಲ್ಲಿ ಏಜೆಂಟರಿಗೆ ಎಲ್ಲ ಗೊತ್ತಿತ್ತು. ಘಟ್ಟದಲ್ಲಿ ನನ್ನ ಲಾರಿ ಸೋರುತ್ತಿದ್ದ ಫೋಟೋ ಯಾರೋ ಕಳಿಸಿದ್ದರು, ಎಲ್ಲರ ಫೋನಿನಲ್ಲೂ ಅದು ತಿರುಗಿತ್ತು. ಕಣ್ಣು ಮುಚ್ಚಿ ಬೈಕ್ ಓಡಿಸುವ ಮಾತು ನೆನಪಿಸಿ ನಗದವರಿಲ್ಲ. ಏಜೆಂಟರು ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನದಿಂದಲೇ ಮಾತಾಡಿದರು. "ನೋಡು ಮಾರಾಯಾ, ಎಲ್ಲರ ಗಾಡಿ ನೀರೂ ರಸ್ತೆಗೇ ಹೋಗೂದು. ನಿಂದೊಂದು ಎಂತ ಬೇರೆ? ಆ ಟಾಕಿ ಬಿಚ್ಚಿ ಹಿಂದೆ ಒಂದು ಪೈಪ್ ಇಟ್ಕಂಡು ಬಾ. ದಿನಾ ಲೋಡ್ ಕೊಡ್ತೆ."

"ಟಾಕಿ ಬಿಚ್ಚೂದಿಲ್ಲ ಸಾವ್ಕಾರ್ರೇ. ಲೋಡ್ ಕೊಡೂದು ಬಿಡೂದು ನಿಮ್ಗೆ ಸೇರಿದ್ದು" ಎಂದೆ. ದೊಡ್ಡ ದನಿಯಲ್ಲಿಯೇ ಎಂದೆ, ನಕ್ಕವರಿಗೂ ಕೇಳಿಸಲಿ ಎಂದು.

ಅವರು ಬಿಟ್ಟರು. ವಾರಗಟ್ಟಲೆ ಲಾರಿ ಮನೆಯೆದುರು ನಿಂತಿತು. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಕೇಳಿ, ಆಫ್ ಮಾಡುತ್ತಿದ್ದೆ. ನಡುನಡುವೆ ಐಸ್ ಪ್ಲಾಂಟಿನಿಂದ ಸಣ್ಣ ಬೋಟುಗಳಿಗೆ ಬರ್ಫು ಸಾಗಿಸುವ ಕೆಲಸ ಸಿಕ್ಕಿತು, ಅದರಿಂದ ಡೀಸೆಲ್ಲಿನ ಖರ್ಚು ಹೊರಡುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಬುದ್ಧಿ ಹೇಳುವವರೇ. ಒಂದು ಪೈಪಿನ ಸಲುವಾಗಿ ಹಟ ಯಾಕೆ ಎನ್ನುತ್ತಿದ್ದರು. ಹಟವೇ, ಮತ್ತೇನು. ಬೇರೆಯವರ ಲಾರಿಯಲ್ಲಿ ಬೇರೆಯವರ ಮಾತು ಕೇಳಿ ಮುಗಿದಿತ್ತು. ನನ್ನ ಲಾರಿಯಲ್ಲೂ ಅದೇ ಕೇಳುವುದಾದರೆ ನಾನು ಇದನ್ನು ಗೇರು ಮರದ ಕೆಳಗೇ ಬಿಡಬಹುದಿತ್ತು.

ಅಪ್ಪನಿಗೆ ನಾನು ಘಟ್ಟದ ಸಂಗತಿ ಹೇಳಿರಲಿಲ್ಲ. ಫೋಟೋ ಅವನಿಗೂ ತಲುಪಿತ್ತು. ಒಂದು ಬೆಳಿಗ್ಗೆ ನೋಡಿದರೆ ಲಾರಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ, ಕೈಯಲ್ಲಿ ಅರ್ಧ ನೀರು ತುಂಬಿದ ಬಾಟಲಿ. "ಆ ಘಟ್ಟ ಒಂದ್ಸಲ ತೋರ್ಸು ತಮಾ" ಎಂದ. ಹೆದ್ದಾರಿಯಲ್ಲಿ ಅಂಕೋಲೆಯ ಆಚೆ ಅವನು ಹೋದದ್ದೇ ಕಡಿಮೆ. ಬಾಟಲಿಯನ್ನು ಸ್ಟೇರಿಂಗ್ ಮುಂದಿನ ಕಟ್ಟೆಯ ಮೇಲೆ ಲಾರಿಯ ಉದ್ದಕ್ಕೆ ಮಲಗಿಸಿ, ಬಟ್ಟೆ ಒತ್ತಿ ಹಿಡಿದುಕೊಂಡ. ಮಟ್ಟಸ ರಸ್ತೆಯಲ್ಲಿ ಒಳಗಿನ ನೀರು ನೆಟ್ಟಗೆ ಮಲಗಿತ್ತು. ಅಂಕೋಲೆ ದಾಟಿದ ಮೇಲೆ ಅದು ಒಂದು ಕಡೆಗೆ ಸೇರತೊಡಗಿತು. ಘಟ್ಟದಲ್ಲಿ ಬಾಟಲಿಯ ಮುಂದಿನ ಅರ್ಧ ಪೂರ್ತಿ ಖಾಲಿಯಾಯಿತು. ಅವನು ದಾರಿಯುದ್ದಕ್ಕೂ ಅದೊಂದನ್ನೇ ನೋಡಿದ, ಕಾಡು ನೋಡಲಿಲ್ಲ, ಕಣಿವೆ ನೋಡಲಿಲ್ಲ. ಮೇಲೆ ಚಹಾ ಕುಡಿದು ಇಳಿಯುವಾಗ ನೀರು ಇನ್ನೊಂದು ತುದಿಗೆ ಓಡಿತು.

"ಹತ್ತೂಕೆ ಒಂದು ಬೇಕು, ಇಳೂಕೆ ಒಂದು ಬೇಕು" ಎಂದ. ಅಷ್ಟು ಹೇಳಲು ಅವನಿಗೆ ಘಟ್ಟ ಪೂರ್ತಿ ಬೇಕಾಯಿತು. ತಪ್ಪಾಯಿತು ಎಂದು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ, ನಾನೂ ಕಾಯಲಿಲ್ಲ.

ಮರುದಿನವೇ ನೆಲ ಒಡೆದೆವು. ಹಿಂಬಾಗಿಲಿನ ಒಳಗೆ ಅಡ್ಡ ಕಾಲುವೆ, ಅದರಲ್ಲಿ ಒಂದು ತೂತು. ಮುಂದಿನ ಗೋಡೆಯ ಬುಡದಲ್ಲಿ ಇನ್ನೊಂದು. ನಡುವಿನದು ಹಾಗೆಯೇ ಉಳಿಯಿತು. ಮೂರಕ್ಕೂ ಹುರುಪೆ ತಡೆಯುವ ಜಾಳಿಗೆ, ಮೂರೂ ಪೈಪು ಒಂದೇ ಟಾಕಿಗೆ. ಕ್ರೇಟುಗಳು ನೀರಿನಲ್ಲಿ ಕೂರದಂತೆ ನೆಲದ ಮೇಲೆ ಪಟ್ಟಿ ಹೊಡೆದ ಎತ್ತರದ ಹಾಸು. ಬಾಗಿಲಿಗೆ ಹೊಸ ರಬ್ಬರ್. ಆಮೇಲೆ ಮೀನಿಲ್ಲದೆ ಬರೀ ಬರ್ಫು ತುಂಬಿಕೊಂಡು, ಬಿಸಿಲೇರಿದ ಮೇಲೆ ಇಬ್ಬರೂ ಮತ್ತೆ ಅರಬೈಲ್ ಹತ್ತಿದೆವು. ತಿರುವು ತಿರುವಿಗೆ ಅಪ್ಪ ಇಳಿದು ಹಿಂದೆ ಹೋಗಿ ರಸ್ತೆಗೆ ಅಂಗೈ ಒತ್ತಿ ನೋಡಿ ಬರುತ್ತಿದ್ದ. ಹಿಂದಿನ ವಾಹನದವರು ಬೈದರು. ಅವನು ಅವರಿಗೆ ಒಣಗಿದ ಅಂಗೈ ತೋರಿಸಿದ.

ಲಾರಿ ಸರಿಯಾಯಿತು, ಲೋಡು ಎಲ್ಲಿದೆ? ಅದು ಬಂದದ್ದು ನಾನು ನೆನೆಸದ ಕಡೆಯಿಂದ. ಹುಬ್ಬಳ್ಳಿಯ ವ್ಯಾಪಾರಿ ಫೋನ್ ಮಾಡಿದರು. ನನ್ನ ಮೇಲಿನ ಪ್ರೀತಿಗೇನಲ್ಲ. ಮೀನಿನ ನೀರಿನ ವಾಸನೆಗೆ ಅವರ ಓಣಿಯ ಜನ ರೊಚ್ಚಿಗೆದ್ದು, ಸೋರುವ ಲಾರಿಯನ್ನು ಒಳಗೆ ಬಿಡುವುದಿಲ್ಲ ಎಂದು ಅಡ್ಡ ನಿಂತಿದ್ದರಂತೆ. ಟಾಕಿ ಇದ್ದ ಗಾಡಿ ಈಗಲೂ ಓಡುತ್ತದಾ ಎಂದು ಕೇಳಿದರು. ಓಡುತ್ತದೆ ಎಂದೆ.

ಸುದ್ದಿ ಏಜೆಂಟರಿಗೂ ಹೋಯಿತು. ಈ ಸಲ ಅವರೇ ಮನೆಯ ತನಕ ಬಂದರು. ಹುಬ್ಬಳ್ಳಿ ಲೋಡು ನಿನಗೇ ಕೊಡುತ್ತೇನೆ, ಟಾಕಿಯೂ ಇರಲಿ, ಆದರೆ ಲಾರಿ ನನ್ನ ಕೈಕೆಳಗೆ ಓಡಬೇಕು, ಮುಂದೆ ನನ್ನ ಬೋರ್ಡ್ ಹಾಕು, ಯಾವಾಗ ಎಲ್ಲಿಗೆ ಎಂಬುದು ನನಗೆ ಬಿಡು ಎಂದರು. ಹೆಂಡತಿ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು. ಡ್ರೈವರ್ ಆಗಿದ್ದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ನನಗೆ ಆಡಿರಲಿಲ್ಲ. ಬೇಡ ಎಂದೆ. ಹಾಗಾದರೆ ಬಂದರಿನಿಂದ ಒಂದು ಬಂಗಡೆಯೂ ನಿನ್ನ ಗಾಡಿಗೆ ಏರುವುದಿಲ್ಲ ಎಂದು ಅವರು ಚಹಾ ಮುಗಿಸಿ ಎದ್ದರು.

ಬಂದರು ಅವರದ್ದಿರಬಹುದು, ನಮ್ಮ ದಂಡೆ ಅವರದಲ್ಲ. ಅಪ್ಪ ಆ ಸಂಜೆ ರಂಪಣಿ ತಂಡದವರ ಮನೆ ಮನೆಗೆ ಹೋಗಿ, ಮೀನು ನಮ್ಮ ಲಾರಿಗೆ ಕೊಡಿ ಎಂದು ಕೇಳಿ ಬಂದ. ತಂಡದವರು ಇಷ್ಟು ದಿನ ಮೀನನ್ನು ಏಜೆಂಟರ ಲಾರಿಗೇ ಹಾಕುತ್ತಿದ್ದರು, ಬೇರೆ ದಾರಿ ಇರಲಿಲ್ಲವೆಂದು. ಮುಂದಿನ ಸಲ ಬಲೆ ಬಂಗಡೆಯ ಹಿಂಡನ್ನು ಸುತ್ತುಗಟ್ಟಿದ ಬೆಳಿಗ್ಗೆ ನಾನು ಲಾರಿಯನ್ನು ದಂಡೆಯ ಅಂಚಿನ ಗಾಳಿಮರಗಳ ತನಕ ತಂದು ನಿಲ್ಲಿಸಿ, ಲುಂಗಿ ಎತ್ತಿ ಕಟ್ಟಿ ಹಗ್ಗಕ್ಕೆ ಕೈ ಹಚ್ಚಿದೆ. ನಮ್ಮಲ್ಲಿ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಉಂಟು, ದಾರಿಹೋಕನಾದರೂ ಸರಿ. ಅವತ್ತು ಅಪ್ಪ ಅದನ್ನೇ ಲಾರಿಗೂ ಹಚ್ಚಿದ. ಕ್ರೇಟಿಗೆ ಕೈ ಕೊಟ್ಟವರಿಗೂ ಪಾಲು ಎಂದ. ಹಮಾಲರು ಬೇಕಾಗಲಿಲ್ಲ. ದಂಡೆಯಲ್ಲಿದ್ದ ಹೆಂಗಸರು ಗಂಡಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನಾನು ಒಳಗೆ ನಿಂತು ಬರ್ಫು, ಮೀನು, ಬರ್ಫು ಎಂದು ಹೊಂದಿಸಿದೆ. ಬಾಗಿಲು ಹಾಕುವಾಗ ಹೆಂಡತಿ ಕಾಣಲಿಲ್ಲ, ಬಸ್ಸಿಗೆ ಹೋಗಿರಬೇಕು ಎಂದುಕೊಂಡೆ.

ಹೆದ್ದಾರಿಗೆ ಬಂದು ಅಂಕೋಲೆ ಕಡೆ ತಿರುಗಿದೆ. ಅವರ್ಸಾ ಹತ್ತಿರ ಕನ್ನಡಿಯಲ್ಲಿ ಒಂದು ಸ್ಕೂಟರ್ ಕಂಡಿತು. ನನ್ನ ಹಿಂಬಾಗಿಲಿಗೆ ತೀರ ಹತ್ತಿರ, ಮೀನಿನ ಲಾರಿಗಳು ನೀರು ಬಿಡುವ ಜಾಗದಲ್ಲೇ ಬರುತ್ತಿತ್ತು. ದಾಟಿ ಹೋಗು ಎಂದು ಕೈ ತೋರಿಸಿದೆ, ಹೋಗಲಿಲ್ಲ. ನಿಧಾನ ಮಾಡಿದರೆ ಅದೂ ನಿಧಾನ. ಈ ಹುಚ್ಚು ಯಾರಪ್ಪ ಎಂದು ಸಿಟ್ಟು ಬಂತು. ಹಟ್ಟಿಕೇರಿಯ ಟೋಲಿನಲ್ಲಿ ಸಾಲಿಗೆ ನಿಂತಾಗ ಸ್ಕೂಟರಿನ ಹಿಡಿಯಲ್ಲಿ ಸಿಕ್ಕಿಕೊಂಡಿದ್ದ ಹರಿದ ಬಲೆಯ ತುಂಡು ಕಂಡಿತು. ಆಮೇಲೆ ಕನ್ನಡಿ ನೋಡುತ್ತ ಗಾಡಿ ಓಡಿಸಲು ನನಗೆ ಕಷ್ಟವಾಯಿತು. ಕಣ್ಣು ಒರೆಸಿಕೊಳ್ಳುತ್ತ ಅಂಕೋಲೆ ಮುಟ್ಟಿದೆ. ಪ್ರತಿ ತಿರುವಿಗೂ ಅವಳು ಹಿಂದೆ ಇದ್ದಳು, ಒಂದು ಸಲವೂ ಬದಿಗೆ ಸರಿಯಲಿಲ್ಲ.

ಬಾಳೆಗುಳಿ ಕ್ರಾಸಿನಲ್ಲಿ ಬದಿಗೆ ನಿಲ್ಲಿಸಿದೆ. ಅವಳು ನನ್ನ ಕಿಟಕಿಯ ಕೆಳಗೆ ಬಂದು ಹೆಲ್ಮೆಟ್ಟಿನ ಗಾಜು ಎತ್ತಿದಳು. ಬಲಗೈ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋವು ಬಿಡಿಸಿಕೊಂಡಳು.

"ಡ್ರೈವರೇ, ನಿಮ್ಮ ಮಾಲಕರಿಗೆ ಒಂದು ಮಾತು ಹೇಳಿ. ಹಾರವಾಡದಿಂದ ಇಲ್ಲಿವರೆಗೆ ರಸ್ತೆ ಒಣಗೇ ಇತ್ತು ಅಂತ."

ಹೇಳುತ್ತೇನೆ ಎಂದೆ. ಸೊಸೈಟಿಗೆ ಹೊತ್ತಾಯಿತು ಎಂದು ಅವಳು ಸ್ಕೂಟರನ್ನು ಕಾರವಾರದ ಕಡೆ ತಿರುಗಿಸಿದಳು. ನಾನು ಹುಬ್ಬಳ್ಳಿ ರಸ್ತೆಗೆ ಗಾಡಿ ಎಳೆದೆ. ಮೂರನೇ ಗೇರು ಎಂದಿನಂತೆ ಒಮ್ಮೆ ಕೊಸರಿ ಬಿತ್ತು. ಅಷ್ಟರಲ್ಲಿ ಫೋನ್ ರಿಂಗಾಯಿತು, ಏಜೆಂಟರದ್ದು. ಎತ್ತಲಿಲ್ಲ. ಮಾಲಕ ಗಾಡಿ ಓಡಿಸುತ್ತಿದ್ದ.